ಗೆದ್ದಲು ಬಿಟ್ಟ ಪದ

ನಮ್ಮೂರಲ್ಲಿ ಯಾವುದು ಶಾಸ್ತ್ರ, ಯಾವುದು ಅಲ್ಲ ಎಂದು ತೀರ್ಮಾನ ಮಾಡುವುದು ಗೆದ್ದಲು. ಊರಿನ ಪಡುವಣ ಅಂಚಿನಲ್ಲಿ ಹುತ್ತದ ಮನೆ ಎಂಬುದೊಂದಿದೆ. ಕಿಟಕಿಯಿಲ್ಲದ ಕಲ್ಲಿನ ಕೋಣೆ, ಒಳಗೆ ಆಳೆತ್ತರದ ಹುತ್ತ. ಬರೆದದ್ದು ಏನೇ ಇರಲಿ, ಬರೆದವರು ಯಾರೇ ಇರಲಿ, ಯುಗಾದಿಯ ಮರುದಿನ ಅದನ್ನು ಹುತ್ತದ ಬುಡದಲ್ಲಿಟ್ಟು ಬಾಗಿಲು ಹಾಕುತ್ತಾರೆ. ಮುಂದಿನ ಯುಗಾದಿಯ ಮರುದಿನ ತೆರೆಯುತ್ತಾರೆ. ಗೆದ್ದಲು ತಿಂದದ್ದು ಮಣ್ಣು, ತಿನ್ನದೆ ಬಿಟ್ಟದ್ದು ದೇವರ ಮಾತು. ಹಾಗೆ ಬಿಟ್ಟದ್ದನ್ನೆಲ್ಲ ಒಟ್ಟಿಗೆ ಹೊಲಿದ ಕಟ್ಟಿಗೆ ‘ಉಳಿಕೆ’ ಎಂದು ಹೆಸರು. ನಮಗೆ ಬೇರೆ ಪುರಾಣವಿಲ್ಲ.

ಹೊರಗಿನಿಂದ ಬಂದವರು ಉಳಿಕೆಯನ್ನು ಕೇಳಿ ಮುಸಿಮುಸಿ ನಗುವುದುಂಟು. ಸೂರ್ಯನ ಸ್ತುತಿಯ ಬೆನ್ನಿಗೇ ಮಾವಿನ ಉಪ್ಪಿನಕಾಯಿ ಹಾಕುವ ಕ್ರಮ ಬರುತ್ತದೆ. ಅದಾದ ಮೇಲೆ ಎರಡು ಮನೆಗಳ ನಡುವಿನ ಗೋಡೆ ಯಾರದು ಎಂಬ ಕರಾರು. ಎಡಗಿವಿ ಹರಿದ ಕತ್ತೆಯೊಂದು ಕಳೆದಿದೆ, ಕಂಡವರು ದಯವಿಟ್ಟು ತಿಳಿಸಿ ಎಂಬ ಪ್ರಕಟಣೆಯೂ ಇದೆ. ಅದನ್ನು ನಾವು ಸಾವಿನ ಮನೆಯಲ್ಲಿ ಓದುತ್ತೇವೆ. ಅಲ್ಲಿ ಕೂತು ಕೇಳಿದವರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಉಪ್ಪಿನಕಾಯಿಯ ಕ್ರಮದಲ್ಲಿ ಬೆಳ್ಳುಳ್ಳಿಯ ಮಾತಿಲ್ಲವಾದ್ದರಿಂದ ನಮ್ಮೂರಲ್ಲಿ ಯಾರೂ ಉಪ್ಪಿನಕಾಯಿಗೆ ಬೆಳ್ಳುಳ್ಳಿ ಹಾಕುವುದಿಲ್ಲ. ಹಾಕಬೇಕೆನಿಸಿದವರು ಹಾಕಿಕೊಂಡು ಅದಕ್ಕೆ ಚಟ್ನಿ ಅನ್ನುತ್ತಾರೆ.

ಶಾಸ್ತ್ರಕ್ಕೆ ಸೇರಲಿ ಎಂದು ಇಡುವವರಂತೆಯೇ, ತಿಂದು ಹೋಗಲಿ ಎಂದು ಇಡುವವರೂ ಇದ್ದಾರೆ. ಮುರಿದ ನಂಟಿನ ಓಲೆ, ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಬರೆದುಕೊಂಡ ದೂರು, ಸುಡಲು ಮನಸ್ಸು ಬಾರದ್ದು, ಇಟ್ಟುಕೊಳ್ಳಲು ಎದೆ ಗಟ್ಟಿಯಿಲ್ಲದ್ದು. ಸಾಮಾನ್ಯವಾಗಿ ಗೆದ್ದಲು ಎಲ್ಲವನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಏನೂ ಉಳಿಯುವುದಿಲ್ಲ. ಆ ನಂಬಿಕೆಯ ಮೇಲೆಯೇ ನಮ್ಮಣ್ಣ ಅಡಿವೆಪ್ಪ ಅತ್ತಿಗೆಯ ಕಾಗದವನ್ನು ಅಲ್ಲಿಗೆ ಒಯ್ದದ್ದು.

ನಮ್ಮದು ಗಾಣದ ಮನೆ. ಗಂಡ ತೀರಿದ ಮೇಲೆ ನಾನು ತವರಿಗೆ ಬಂದು ಎಣ್ಣೆ ಮಾರುವ ಕಟ್ಟೆ ನೋಡಿಕೊಂಡಿದ್ದೆ. ಅಣ್ಣ ಗಾಣ ಹೊಡೆಯುತ್ತಿದ್ದ. ಅತ್ತಿಗೆ ಹೊಳೆವ್ವ ಎಳ್ಳು ಕೇರಿ, ತೊಳೆದು, ಒಣಗಿಸಿ ಕೊಡುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು, ನಿಂಬವ್ವ. ನಾವು ನಿಂಬಿ ಅನ್ನುತ್ತಿದ್ದೆವು. ಗಾಣ ತಿರುಗುವಾಗ ಅಪ್ಪನ ತೊಡೆಯ ಮೇಲೆ ಕೂತು ತಾನೂ ತಿರುಗುವಳು. ಬಿಸಿ ಹಿಂಡಿಗೆ ಬೆಲ್ಲ ಕಲಸಿ ಕೊಟ್ಟರೆ ಊಟ ಬೇಡ ಅನ್ನುವಳು. ಒಂದು ಬೇಸಿಗೆ ಆಕೆಗೆ ಜ್ವರ ಬಂತು. ನಮ್ಮ ಓಣಿಯ ಬಾವಿಯಲ್ಲಿ ನೀರು ತಳ ಕಂಡಿತ್ತು, ಇದ್ದ ಹಗ್ಗ ಮುಟ್ಟುತ್ತಿರಲಿಲ್ಲ. ಮಗು ನೀರು ನೀರು ಎಂದಿತೆಂದು ಅತ್ತಿಗೆ ಕೊಡ ಎತ್ತಿಕೊಂಡು ಮೇಲಿನೋಣಿಗೆ ಓಡಿದಳು. ಬರುವಷ್ಟರಲ್ಲಿ ಮುಗಿದಿತ್ತು.

ಅತ್ತಿಗೆ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದುಗಡೆ ಏನೋ ಬರೆದಳು. ತವರಿನಲ್ಲಿ ಅಕ್ಷರ ಕಲಿತು ಬಂದವಳು. ಹಾಳೆಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡಳು. ಮುಂಜಾನೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ಅದನ್ನು ಓದುವಳು, ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು ಓದುವಳು, ತಟ್ಟೆ ಹಾಗೇ ಉಳಿಯುವುದು. ಒಲೆ ಹಚ್ಚುವುದನ್ನು ಬಿಡಲಿಲ್ಲ, ದೇವರ ಗೂಡಿಗೆ ದೀಪ ಹಚ್ಚುವುದನ್ನು ಬಿಟ್ಟಳು. ಹಾಗೆಯೇ ತಿಂಗಳುಗಳು ಕಳೆದವು. ಆಕೆಯ ಕೊರಳಿನ ಎಲುಬು ಎಣಿಸುವ ಹಾಗಾಯಿತು.

ಯುಗಾದಿ ಬಂದಾಗ ಅಣ್ಣ ನನ್ನ ಹತ್ತಿರ ಬಂದು, “ಫಕೀರವ್ವಾ, ಆ ಹಾಳಿ ಆಕಿನ್ನ ತಿನ್ನಾಕತ್ತೈತಿ. ಅದನ್ನ ಗೆದ್ದಲ ತಿಂದ್ರ ಆಕಿ ಉಳೀತಾಳ” ಎಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತಿಗೆ ಎಳ್ಳು ತೊಳೆಯಲು ಹೋದಾಗ ಅವನು ಹಾಳೆಯನ್ನು ಒಯ್ದ. ಬಂದು ನೋಡಿದ ಅತ್ತಿಗೆ ದಿಂಬು ಕೊಡವಿದಳು, ಹಾಸಿಗೆ ಕೊಡವಿದಳು, ಆಮೇಲೆ ನಮ್ಮಿಬ್ಬರ ಮುಖ ನೋಡಿ ಸುಮ್ಮನಾದಳು. ಅಣ್ಣ ಹೇಳಿದ್ದೂ ಪೂರಾ ಸುಳ್ಳಾಗಲಿಲ್ಲ. ಮಳೆಗಾಲದ ಹೊತ್ತಿಗೆ ಆಕೆ ಉಣ್ಣತೊಡಗಿದಳು.

ಮರುವರ್ಷ ಬಾಗಿಲು ತೆರೆದಾಗ ಉಳಿದೆಲ್ಲ ಮಣ್ಣಾಗಿತ್ತು. ಕ್ಯಾಲೆಂಡರಿನ ಹಾಳೆ ಮಾತ್ರ ಇಟ್ಟಂತೆ ಇತ್ತು. ಅಂಚಿಗೆ ಕೂಡ ಹಲ್ಲು ತಾಗಿರಲಿಲ್ಲ.

ಉಳಿಕೆಯನ್ನು ಓದುವ, ಅದರ ಅರ್ಥ ಹೇಳುವ ಕೆಲಸ ಮುಪ್ಪಯ್ಯನವರದು. ಹೊಸ ಬರಹ ಸಿಕ್ಕಿದರೆ ಹುತ್ತದ ಮನೆಯ ಮೆಟ್ಟಿಲ ಮೇಲೆ ನಿಂತು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಓದಬೇಕು. ಅತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮುಪ್ಪಯ್ಯನವರ ದನಿ ಓಣಿಗಳನ್ನು ಹಾದು ಬಂತು: “ದೇವರೇ, ನಿನಗೆ ಹಾಲಿಟ್ಟ ಕೈ ಇದು. ನೀರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಕೂಸಿನ ಬಾಯಿ ಆರಿತ್ತು. ಬಾವಿಗೆ ಹಗ್ಗ ಸಾಲಲಿಲ್ಲ, ನಿನಗೆ ಕಣ್ಣು ಸಾಲಲಿಲ್ಲ. ಇನ್ನು ನನ್ನ ಮನೆಯಲ್ಲಿ ನಿನಗೆ ಬಾಗಿಲಿಲ್ಲ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಗಾಣದ ಹತ್ತಿರ ನಿಂತಳು.

“ನೀವಾ?” ಎಂದಳು ಅಣ್ಣನಿಗೆ.

“ಹೂಂ. ತಿಂತಾವಂತ ತಿಳಿದಿದ್ದೆ,” ಎಂದ ಅಣ್ಣ.

ಆಕೆ ಒಳಗೆ ಹೋದಳು. ಹಂಚಿನ ಮೇಲೆ ಕರಕಾಗಿದ್ದ ರೊಟ್ಟಿ ತೆಗೆದು ಹಾಕಿ ಮುಂದಿನದು ಬಡಿದಳು. ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಏನು ಬೇಕಿದ್ದರೂ ನನಗೆ ಹೇಳುವಳು, ನಾನು ಅವನಿಗೆ ಹೇಳಬೇಕು. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದರೂ ಹೀಗೆಯೇ.

ಊರು ಆ ನಾಲ್ಕು ಸಾಲಿನ ಪದವನ್ನು ಹಚ್ಚಿಕೊಂಡಷ್ಟು ಬೇರೆ ಯಾವುದನ್ನೂ ಹಚ್ಚಿಕೊಂಡಿರಲಿಲ್ಲ. ದೇವರನ್ನು ಬೈಯುವ ಮಾತು ಉಳಿಕೆಗೆ ಸೇರಿದ್ದು ಅದೇ ಮೊದಲು. ಕೆಲವರು ಹೆದರಿದರು, ಆದರೆ ಗೆದ್ದಲು ಬಿಟ್ಟ ಮೇಲೆ ಹೆದರುವುದೇನು ಎಂದು ತಾವೇ ಸಮಾಧಾನ ಮಾಡಿಕೊಂಡರು. ಸಂಜೆ ಓದಿನಲ್ಲಿ ಅದು ದಿನವೂ ಬರತೊಡಗಿತು. ಮದುವೆಯಲ್ಲಿ ಅಕ್ಷತೆಗೆ ಮೊದಲು ಹೇಳಿದರು, ತೊಟ್ಟಿಲಿಗೆ ಹಾಕುವಾಗಲೂ ಹೇಳಿದರು. ಹುಡುಗಿಯರು ಹಗ್ಗದಾಟ ಆಡುತ್ತ “ಬಾವಿಗೆ ಹಗ್ಗ ಸಾಲಲಿಲ್ಲ” ಎಂದು ಲೆಕ್ಕ ಹಿಡಿದರು. ಎಣ್ಣೆಗೆ ಬಂದವರು ಎಣ್ಣೆ ತೆಗೆದುಕೊಂಡು ಹೋಗುವ ಬದಲು, “ತಾಯಿ ಒಳಗ ಅದಾರೇನ್ರಿ, ಒಂದ್ಸಲ ಪಾದ ಮುಟ್ಟತೀವಿ” ಎಂದು ನಿಲ್ಲತೊಡಗಿದರು. ಅತ್ತಿಗೆ ಹಿತ್ತಲ ಬಾಗಿಲಿನಿಂದ ಓಡಾಡುವುದನ್ನು ಕಲಿತಳು. ಸಂಜೆ ಮೈಕು ಶುರುವಾಗುವ ಹೊತ್ತಿಗೆ ಎಳ್ಳನ್ನು ತಗಡಿನ ಮೊರಕ್ಕೆ ಸುರಿದು ಜೋರಾಗಿ ಕೇರುವಳು. ಕೇರಲು ಎಳ್ಳಿಲ್ಲದ ದಿನವೂ ಬರೀ ಮೊರ ಆಡಿಸುವಳು.

ಇದನ್ನೂ ಆಕೆ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದ್ದು ಅರ್ಥ. ಉಳಿಕೆಯ ಯಾವ ಮಾತನ್ನೂ ಅರ್ಥ ಹೇಳದೆ ಬಿಡುವಂತಿಲ್ಲ ಎಂಬುದು ನಮ್ಮಲ್ಲಿಯ ಪದ್ಧತಿ. ಸೋಮವಾರ ಇಳಿಹೊತ್ತಿಗೆ ಮುಪ್ಪಯ್ಯನವರು ಬೇವಿನ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ, ಊರು ಕೆಳಗೆ ಕೂತು ಕೇಳುತ್ತದೆ. ಹೊಸ ಪದದ ಅರ್ಥ ಚೆನ್ನಾಗಿ ಹೇಳುತ್ತಿದ್ದಾರೆಂದು ಊರೆಲ್ಲ ಮಾತಾಡಿತು. ಕೂಸು ಎಂದರೆ ಏನೋ ಅಂತೆ, ಬಾವಿ ಎಂದರೆ ಏನೋ ಅಂತೆ. ಒಂದು ಸೋಮವಾರ ಅತ್ತಿಗೆ ತಾನೇ ಸೆರಗು ಹೊದ್ದು, “ಬಾ ಫಕೀರವ್ವಾ, ಏನಂತಾರ ಕೇಳಿ ಬರೂಣು” ಎಂದಳು.

ಮುಪ್ಪಯ್ಯನವರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದವರು, ಮೆತ್ತಗೆ ಮಾತಾಡುವವರು. ಆ ದಿನ ಅವರು ಹೇಳಿದರು: “ಕೂಸು ಎಂದರೆ ಜೀವ. ತಾಯಿ ಎಂದರೆ ಮನಸ್ಸು. ಮನಸ್ಸು ಹೊರಗಿನ ನೀರು ಹುಡುಕಿಕೊಂಡು ಹೋಗುತ್ತದೆ, ಒಳಗೆ ಜೀವ ಬಾಯಾರುತ್ತದೆ. ಬಾವಿ ಎಂಬುದು ಸಂಸಾರ. ಹಗ್ಗ ನಮ್ಮ ಆಯುಷ್ಯ. ಮನೆಯಲ್ಲಿ ಬಾಗಿಲಿಲ್ಲ ಅಂದರೆ ದೇವರಿಗೂ ನಮಗೂ ನಡುವೆ ಅಡ್ಡಿಯೇ ಇಲ್ಲ ಅಂತ.” ಜನ ತಲೆದೂಗಿದರು.

ಅತ್ತಿಗೆ ಎದ್ದು ನಿಂತಳು. ಹೆಂಗಸರು ಅರ್ಥದ ನಡುವೆ ಎದ್ದು ನಿಲ್ಲುವುದು ರೂಢಿಯಲ್ಲಿಲ್ಲ. “ಅಯ್ಯಾರ, ಕೂಸಂದ್ರ ಕೂಸ್ರೀ. ಬಾವಿ ಅಂದ್ರ ನಮ್ಮೋಣಿ ಬಾವಿ. ಬಾಗಿಲಿಲ್ಲ ಅಂದ್ರ ಒಳಗ ಕಾಲಿಡಬ್ಯಾಡ ಅಂತ ಅಂದೀನಿ.”

ಎಲ್ಲರೂ ತಿರುಗಿ ನೋಡಿದರು. ಮುಪ್ಪಯ್ಯನವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ಮುಚ್ಚಿ, “ಹೊಳೆವ್ವ, ಬರೆಯೋವಾಗ ನೀ ಅಂದದ್ದು ಅದೇ ಇರಬೇಕು. ಇಲ್ಲ ಅನ್ನೂದಿಲ್ಲ. ಆದ್ರ ಅದಷ್ಟೇ ಆಗಿದ್ರ ನಿನ್ನ ಕೂಸಿನ ಮುಖಾನೇ ನೋಡದವರು ಯಾಕ ಅಳ್ತಾರ, ಹೇಳು? ಅದು ಈಗ ಎಲ್ಲಾರದೂ ಆಗೇತಿ,” ಎಂದರು.

“ಎಲ್ಲಾರದೂ ಆಗೂದಾದ್ರ ನನ್ನ ಮಗಳು ಎಲ್ಲಿ ಹೋದ್ಲು?”

ಜನ ಎದ್ದು ಹೋದ ಮೇಲೆ ಮುಪ್ಪಯ್ಯನವರು ಕಟ್ಟೆಯಿಂದ ಇಳಿದು ನಮ್ಮ ಹತ್ತಿರ ಬಂದರು. “ನಾನೂ ಒಂದು ಪುರಾಣ ಬರದಿದ್ದೆ, ಗೊತ್ತೇನವ್ವ? ಕಣ್ಣು ಮಂಜಾಗೂ ಹಂಗ ಬರದಿದ್ದೆ. ಇಟ್ಟಾಗೆಲ್ಲ ತಿಂದ್ವು. ಹೊಲಿಗಿ ದಾರ ಸೈತ ಬಿಡಲಿಲ್ಲ. ನಿನ್ನ ಪದ ಸಿಕ್ಕ ದಿನ ನನಗ ಹೊಟ್ಟಿಕಿಚ್ಚಾತು. ಓದಿದ ಮ್ಯಾಲ ಆಗಲಿಲ್ಲ,” ಎಂದರು. ಅತ್ತಿಗೆ, “ನಿಮ್ಮದು ತಿಂದು ನಂದು ಬಿಟ್ಟದ್ದು ಇಬ್ಬರಿಗೂ ಅನ್ಯಾಯ ಆತು ನೋಡ್ರಿ,” ಎಂದು ಮನೆಯ ದಾರಿ ಹಿಡಿದಳು.

ಮರುವಾರ ಆಕೆ ಊರ ಹಿರಿಯ ಬಾಳನಗೌಡರಿಗೆ ಹೇಳಿ ಕಳಿಸಿ ಪಂಚರನ್ನು ಕೂಡಿಸಿದಳು. ತನ್ನ ಪದವನ್ನು ಉಳಿಕೆಯಿಂದ ತೆಗೆಯಬೇಕು ಎಂಬುದು ಆಕೆಯ ಬೇಡಿಕೆ. ಬಾಳನಗೌಡರಿಗೆ ಅದು ತಲೆಗೇ ಹೋಗಲಿಲ್ಲ. “ಸೇರಸ್ರಿ ಅಂತ ಕಾಲಿಗೆ ಬಿದ್ದವರನ್ನ ನೋಡೀನಿ ತಂಗಿ, ತಗೀರಿ ಅನ್ನೋರನ್ನ ನಮ್ಮಪ್ಪನೂ ನೋಡಿಲ್ಲ. ತಗಿಯೂದು ಹ್ಯಾಂಗ? ನಾವು ಸೇರಿಸಿದ್ದಾಗಿದ್ರ ನಾವು ತಗೀತಿದ್ವಿ,” ಎಂದರು. ಒಬ್ಬ ಪಂಚ ಒಂದು ಎಲೆ ತೆಗೆದರೆ ಉಳಿದವೂ ಉದುರುತ್ತವೆ ಎಂದ. ಇನ್ನೊಬ್ಬ ಅದನ್ನು ಮತ್ತೊಮ್ಮೆ ಹುತ್ತಕ್ಕೆ ಇಟ್ಟು ನೋಡೋಣ ಎಂದ. ಒಮ್ಮೆ ಬಿಟ್ಟದ್ದನ್ನು ಮತ್ತೆ ಇಡುವುದೆಂದರೆ ಗೆದ್ದಲನ್ನೇ ಪರೀಕ್ಷೆ ಮಾಡಿದಂತೆ ಎಂದು ಅವನ ಬಾಯಿ ಮುಚ್ಚಿಸಿದರು. ಉಪ್ಪಿನಕಾಯಿಯ ಕ್ರಮ ಬರೆದ ಮನೆತನದ ಮುದುಕಿಯೊಬ್ಬಳು ಮಾತ್ರ ಅತ್ತಿಗೆಯ ಪರವಾಗಿ ನಿಂತಳು. “ಬರಿಯೂ ದಿನ ನಮ್ಮ ಮುತ್ತಜ್ಜಿ ಮನ್ಯಾಗ ಬೆಳ್ಳುಳ್ಳಿ ಇರಲಿಲ್ಲ, ಅಷ್ಟ. ಅದರ ಸಲುವಾಗಿ ಊರ ತುಂಬ ನಾಲಿಗಿ ಕಟ್ಟೈತಿ. ಬರದವರ ಮಾತು ಒಂದೀಟು ಕೇಳ್ರಲ್ಲ,” ಎಂದಳು. ಜನ ನಕ್ಕರು.

ಆಗ ಕುಂಬಾರ ಓಣಿಯ ಕರೆವ್ವ ಎದ್ದು ನಿಂತಳು. ಆಕೆ ನಮ್ಮ ಗಿರಾಕಿ. ಎಣ್ಣೆಗೆ ಬಂದರೆ ಎಣ್ಣೆ ಅಂದದ್ದು ಬಿಟ್ಟರೆ ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಕೆ ಪಂಚರ ಕಡೆ ನೋಡಲಿಲ್ಲ, ನೇರ ಅತ್ತಿಗೆಯ ಕಡೆ ನೋಡಿ ಹೇಳಿದಳು.

“ಯವ್ವಾ ಹೊಳೆವ್ವ, ನನ್ನವು ಎರಡು ಹೋದ್ವು. ನಾನೂ ಮನಸಿನ್ಯಾಗ ಬೈದೀನಿ. ಬಾಯಿ ಬಿಟ್ಟು ಬೈದ್ರ ಉಳಿದ ಒಂದು ಕೂಸೂ ಹೋಗತೈತೇನೋ ಅಂತ ಅಂಜಿಕಿ. ನಿನ್ನ ಪದ ಉಳಿಕ್ಯಾಗ ಬಂದ ಮ್ಯಾಲ ದಿನಾ ಸಂಜಿಕ ಬಾಗಿಲ ಮುಂದ ನಿಂತು ಜೋರಾಗಿ ಬೈತೀನಿ. ಯಾರೂ ಏನೂ ಅನ್ನೂದಿಲ್ಲ, ಶಾಸ್ತ್ರ ಅಂತಾರ. ನನ್ನ ಗಂಡನೂ ಬಂದು ಬಾಜೂಕ ನಿಂದರತಾನ. ಅದನ್ನ ಕಸಗೋಬ್ಯಾಡವ್ವಾ.”

ಅತ್ತಿಗೆ ಕರೆವ್ವನನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಬಾಳನಗೌಡರಿಗೆ, “ಇರ್ಲಿ ಬಿಡ್ರಿ ಗೌಡ್ರ, ತಗಿಯೂದು ಬ್ಯಾಡ. ಆದ್ರ ಆ ಜೀವ, ಮನಸು ಅನ್ನೂದನ್ನ ಬಿಡ್ರಿ. ಅರ್ಥ ಬೇಕಂದ್ರ ನಾ ಹೇಳ್ತೀನಿ,” ಎಂದಳು.

ಮುಪ್ಪಯ್ಯನವರು ಯೋಚಿಸಿ ಉತ್ತರ ಕೊಟ್ಟರು. ಬರೆದವರೇ ಅರ್ಥ ಹೇಳಿದ್ದು ಹಿಂದೆ ನಡೆದಿಲ್ಲ. ಹಾಗೆ ಹೇಳುವುದಾದರೆ ಅದೂ ಒಂದು ಬರಹ, ಅದೂ ಹುತ್ತದ ಮನೆಗೆ ಹೋಗಬೇಕು. ಉಳಿದರೆ ಅದೇ ಅರ್ಥ. ಅಲ್ಲಿಯ ತನಕ ತಾನು ಈ ಪದಕ್ಕೆ ಅರ್ಥ ಹೇಳುವುದಿಲ್ಲ. ಪಂಚರು ಒಪ್ಪಿದರು. ಅತ್ತಿಗೆಯೂ ಒಪ್ಪಿದಳು.

ಆಕೆ ಬರೆಯಲು ಬಹಳ ದಿನ ತೆಗೆದುಕೊಂಡಳು. ಮೊದಲಿನದು ಒಂದೇ ಉಸಿರಿಗೆ ಬಂದಿತ್ತು. ಇದಕ್ಕೆ ಮಾತು ಹುಡುಕಬೇಕಾಯಿತು. ಎಳ್ಳು ಒಣಹಾಕಿ ನೆರಳಿನಲ್ಲಿ ಕೂತು ಬರೆಯುವಳು, ಹಕ್ಕಿ ಓಡಿಸುವಳು, ಮತ್ತೆ ಬರೆಯುವಳು. ಕೆಲವೊಮ್ಮೆ ನನ್ನನ್ನು ಕೇಳುವಳು, “ಆಕಿ ಮೊದಲು ಅಂದದ್ದು ಅತ್ತಿ ಅಂತಲೋ ಎತ್ತು ಅಂತಲೋ?” ಎತ್ತು ಅಂತಲೇ ಇರಬೇಕು ಎಂದು ನಾನು ಹೇಳುತ್ತಿದ್ದೆ. ನನ್ನನ್ನು ಕರೆದಿರಲೂಬಹುದು, ಯಾರಿಗೆ ಗೊತ್ತು. ಒಂದು ಸಲ ಬರೆಯುತ್ತ ಬರೆಯುತ್ತ ನಕ್ಕಳು, ಯಾಕೆಂದು ಹೇಳಲಿಲ್ಲ. ಇನ್ನೊಂದು ಸಲ ಅತ್ತಳು. ಮಗು ಹೋದ ಮೇಲೆ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಣ್ಣ ಗಾಣದ ಮೇಲಿನಿಂದ ನೋಡಿದ. ಎತ್ತು ತಾನಾಗಿ ತಿರುಗುತ್ತಿತ್ತು. ಇಳಿದು ಬರಲು ಧೈರ್ಯವಿಲ್ಲದೆ ಅವನೂ ಅದರ ಜೊತೆ ತಿರುಗುತ್ತಲೇ ಇದ್ದ.

ಯುಗಾದಿಯ ಮರುದಿನ ಅತ್ತಿಗೆ ತಾನೇ ಹೋಗಿ ಹಾಳೆಗಳನ್ನು ಇಟ್ಟು ಬಂದಳು. ಆ ವರ್ಷ ಸಂಜೆಗಳಲ್ಲಿ ಪದ ಓದುತ್ತಿದ್ದರು, ಅರ್ಥ ಇರಲಿಲ್ಲ. ಅತ್ತಿಗೆ ಮೊರ ಆಡಿಸುವುದನ್ನು ಬಿಟ್ಟಳು. ಆ ಹೊತ್ತಿಗೆ ಬಾಗಿಲಿಗೆ ಬಂದು ಕುಂಬಾರ ಓಣಿಯ ಕಡೆ ಕಿವಿ ಕೊಟ್ಟು ನಿಲ್ಲುವಳು.

ಬಾಗಿಲು ತೆರೆಯುವ ದಿನ ಊರೇ ಸೇರಿತ್ತು. ಮುಪ್ಪಯ್ಯನವರು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಂದು ಮುಷ್ಟಿ ಕೆಂಪು ಮಣ್ಣು. ಒಂದು ಅಕ್ಷರದ ಚೂರೂ ಇರಲಿಲ್ಲ. ಅವರ ಮುಖ ಬಿಳಿಚಿತ್ತು. ಜನರಲ್ಲಿ ಯಾರೋ ಲೊಚಗುಟ್ಟಿದರು.

ಅತ್ತಿಗೆ ತಟ್ಟೆಯ ಹತ್ತಿರ ಹೋಗಿ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಬಾಗಿಲಾ ಹಾಕೂ ಮುಂದ ನೀವೇನರ ಅದನ್ನ ಓದಿದ್ರೇನು?” ಎಂದು ಕೇಳಿದಳು.

“ಇಲ್ಲವ್ವ. ಓದಬಾರದು ಅನಿಸ್ತು.”

“ಛಲೋ ಆತು,” ಎಂದಳು ಅತ್ತಿಗೆ. ಆಕೆಯ ಮುಖದಲ್ಲಿ ನಾನು ಹೆದರಿದ್ದು ಏನೂ ಕಾಣಲಿಲ್ಲ. “ಹಂಗಾರ ಅದು ನನಗಷ್ಟ ಗೊತ್ತು.”

“ಆದ್ರ ಈಗ ನಾ ಏನ್ ಹೇಳ್ಲಿ ಹೊಳೆವ್ವ? ಸೋಮವಾರ ಬಂತು. ನಿಂದು ಉಳೀಲಿಲ್ಲ. ನಂದು ಹೇಳಾಕ ನನಗ ಬಾಯಿಲ್ಲ.”

“ಅದು ನಿಮಗ ಬಿಟ್ಟದ್ರಿ,” ಎಂದು ಆಕೆ ಮೆಟ್ಟಿಲಿಳಿದಳು.

ಸೋಮವಾರ ನಾವು ಮೂವರೂ ಹೋದೆವು. ಅಣ್ಣ ಗಂಡಸರ ಸಾಲಿನ ಕೊನೆಗೆ ಕೂತ. ಮುಪ್ಪಯ್ಯನವರು ಕಟ್ಟನ್ನು ಬಿಚ್ಚಿ ಪದವನ್ನು ಓದಿದರು. ಮೊದಲಿನಿಂದ ಕೊನೆಯವರೆಗೆ, ನಿಧಾನ. ಓದಿ ಮುಗಿಸಿ, “ಕೂಸು ಎಂದರೆ...” ಎಂದು ಶುರು ಮಾಡಿದರು. ಅಲ್ಲಿಗೇ ನಿಂತರು. ಮತ್ತೊಮ್ಮೆ “ಕೂಸು ಎಂದರೆ...” ಎಂದರು. ಈ ಸಲ ಅದು ಅರ್ಥ ಹೇಳುವ ದನಿಯಾಗಿರಲಿಲ್ಲ, ಕೇಳುವ ದನಿಯಾಗಿತ್ತು. ಕೇಳಿ, ಕೈಕಟ್ಟಿ ಕೂತರು.

ಆಮೇಲೆ ಕರೆವ್ವನ ದನಿ ಬಂತು. “ದುರಗಿ. ಸಣ್ಣದಕ್ಕ ಇನ್ನೂ ಹೆಸರಿಟ್ಟಿರಲಿಲ್ರಿ.”

ಅದರ ಹಿಂದೆ ಗಂಡಸರ ಸಾಲಿನಲ್ಲಿ ಒಬ್ಬ ಮುದುಕ ಒಂದು ಹೆಸರು ಹೇಳಿದ. ಆತನಿಗೆ ಮಗುವೊಂದು ಇತ್ತೆಂದು ಆತನ ಮೊಮ್ಮಕ್ಕಳಿಗೂ ಗೊತ್ತಿರಲಿಲ್ಲ. ಮತ್ತೊಂದು ಹೆಸರು ಬಂತು, ಮಗದೊಂದು ಬಂತು. ಬಾಳನಗೌಡರ ಹೆಂಡತಿ ಹೆಸರು ಹೇಳಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು, ಪಕ್ಕದವಳು ಆಕೆಯ ಪರವಾಗಿ ಹೇಳಿದಳು. ಅತ್ತಿಗೆ ತಲೆ ಬಗ್ಗಿಸಿ ಕೂತಿದ್ದಳು. ಆಕೆ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ಹೆಸರುಗಳು ನಿಂತವು. ಎಲ್ಲರೂ ಆಕೆಗಾಗಿ ಕಾಯುತ್ತಿದ್ದಾರೆ ಅನ್ನಿಸಿತು.

“ನಿಂಬಿ,” ಎಂದ ಅಣ್ಣ ಹಿಂದಿನಿಂದ.

ಮಗು ಸತ್ತ ಮೇಲೆ ಅವನು ಆ ಹೆಸರೆತ್ತಿರಲಿಲ್ಲ. ಅವನಿಗೆ ಇನ್ನೂ ಏನೋ ಹೇಳುವುದಿತ್ತು. “ನಿಂಬವ್ವ. ನಾನು ಮನ್ಯಾಗ ಇದ್ನಿ. ತೊಡಿ ಮ್ಯಾಲ ಮಲಗಿಸಿಕೊಂಡಿದ್ನಿ. ಅವ್ವ ಬಂದ್ಲೇನು ಅಂತ ಕೇಳಿದ್ಲು. ಬಂದ್ಲು ಅಂತ ಹೇಳಿದೆ,” ಎಂದ. ಅಷ್ಟೇ ಹೇಳಿ ಮುಂಡಾಸು ಬಿಚ್ಚಿ ಮುಖ ಮುಚ್ಚಿಕೊಂಡ.

ಅತ್ತಿಗೆ ತಿರುಗಿ ಅವನನ್ನು ನೋಡಿದಳು. ಈ ಮಾತು ಆಕೆಗೂ ಹೊಸದು. ಹೇಳುವುದಕ್ಕೆ ಆಕೆ ಅವಕಾಶ ಕೊಟ್ಟಿರಲಿಲ್ಲ, ಅವನ ಎದೆಯೂ ಗಟ್ಟಿಯಿರಲಿಲ್ಲ. ಮುಪ್ಪಯ್ಯನವರು ಕಟ್ಟು ಮುಚ್ಚಿದರು. ಮುಂದಿನ ಸಾಲುಗಳ ಅರ್ಥವನ್ನು ಅಂದು ಯಾರೂ ಕೇಳಲಿಲ್ಲ, ಆಮೇಲೂ ಯಾರೂ ಕೇಳಿಲ್ಲ. ಸೋಮವಾರ ಆ ಪದ ಬಂದಾಗ ಈಗಲೂ ಹೀಗೆಯೇ ನಡೆಯುತ್ತದೆ. ಹೊಸದಾಗಿ ಕಳೆದುಕೊಂಡವರು ಇದ್ದರೆ ಅವರು ಮೊದಲು ಹೇಳುತ್ತಾರೆ.

ಮನೆಗೆ ಬರುವಾಗ ನಾನು ಬೇಕೆಂದೇ ಹಿಂದೆ ಉಳಿದೆ. ಮುಂದೆ ಅವರಿಬ್ಬರೂ ದಾರಿಯ ಒಂದೊಂದು ಅಂಚಿಗೆ ನಡೆಯುತ್ತಿದ್ದರು. ನಮ್ಮ ಓಣಿಯ ತಿರುವಿನಲ್ಲಿ ಅತ್ತಿಗೆ ಅಣ್ಣನಿಗೆ, “ಬರೂ ಮುಂದ ಎತ್ತಿಗೆ ನೀರು ಕುಡಿಸಿದ್ರೇನು?” ಎಂದು ಕೇಳಿದಳು. ಅವನು ನಿಂತೇಬಿಟ್ಟ. ಆಮೇಲೆ, “ಇಲ್ಲ, ಮರತೆ” ಎಂದ. “ನಡೀರಿ ಹಂಗಾರ,” ಎಂದಳು ಆಕೆ.

ಗಂಡನ ಜೊತೆ ಹೀಗೆ ಮಾತು ಶುರುವಾಯಿತು. ದೇವರ ಜೊತೆ ಆಗಿಲ್ಲ. ಬರೆದ ಮಾತಿಗೆ ಅತ್ತಿಗೆ ಇವತ್ತಿಗೂ ತಪ್ಪಿಲ್ಲ. ಗೂಡಿನ ದೀಪ ಹಚ್ಚುವವಳು ನಾನು. ಎಣ್ಣೆ ತೀರಿದ್ದು ಕಂಡರೆ ಆಕೆ ತಾನೇ ಹೊಸ ಎಣ್ಣೆ ತಂದು ಗೂಡಿನ ಕೆಳಗೆ ಇಟ್ಟು, ಮೇಲೆ ನೋಡದೆ ಹೋಗುತ್ತಾಳೆ.